ಬಾಯ್ ಬ್ಯಾಂಡಿನ ಮೊದಲ ಆಲ್ಬಂ: ಕೂತು ಕೇಳಿಸಿ ಅಭಿಪ್ರಾಯ ಬರೆಸಿಕೊಳ್ಳುವ ಬಗೆ

ಹತ್ತು ಜನರನ್ನು ಕೂರಿಸಿ, ಬಾಯ್ ಬ್ಯಾಂಡಿನ (ಹಾಡಿ ಕುಣಿಯುವ ಹುಡುಗರ ತಂಡದ) ಆಲ್ಬಂ ಹಾಕಿ, ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಿದರೆ ಸಿಗುವುದು ಒಂದೇ ಅಭಿಪ್ರಾಯ, ಮೊದಲು ಬಾಯಿ ತೆರೆದವರದ್ದು. ಉಳಿದವರು ಅದಕ್ಕೆ ತಲೆಯಾಡಿಸುತ್ತಾರೆ, ಇಲ್ಲ ಅದರ ಮೇಲೆ ವಾದಕ್ಕೆ ಬೀಳುತ್ತಾರೆ. ಹಾಡಿನ ವಿಚಾರ ಅಲ್ಲಿಗೆ ಮುಗಿಯಿತು. ಮೈಸೂರಿನಲ್ಲಿ ಇನ್ನೊಂದು ತೊಡಕೂ ಇದೆ: ಮನೆಗೆ ಕರೆದು ಕಾಫಿ ಕೊಟ್ಟವರ ಎದುರು ಚೆನ್ನಾಗಿಲ್ಲ ಅನ್ನಲು ಇಲ್ಲಿಯವರಿಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಒಂದೇ ಕಟ್ಟುಪಾಡು: ಬರೆದಾದ ಮೇಲೆಯೇ ಮಾತು. ಮುಂದಿನದೆಲ್ಲ ಅದನ್ನು ಉಳಿಸಿಕೊಳ್ಳಲು ಮಾಡುವ ಏರ್ಪಾಡು.

ಯಾವ ಆಲ್ಬಂ, ಯಾವ ಆವೃತ್ತಿ

"ಮೊದಲ ಆಲ್ಬಂ" ಅನ್ನುವುದು ಅಂದುಕೊಂಡಷ್ಟು ಸಲೀಸಲ್ಲ. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡದ ಮೊದಲ ಆಲ್ಬಂ 1996ರಲ್ಲಿ ಅಮೆರಿಕದ ಹೊರಗೆ ಬಂತು. 1997ರಲ್ಲಿ ಅಮೆರಿಕದಲ್ಲಿ ತಂಡದ ಹೆಸರಿನಲ್ಲೇ ಬಂದದ್ದು ಬೇರೆ ಸರಕು. ಹೊರದೇಶಗಳ ಮೊದಲೆರಡು ಆಲ್ಬಂಗಳಿಂದ ಹಾಡುಗಳನ್ನು ಆಯ್ದು ಕಟ್ಟಿದ್ದು. ಎನ್‌ಸಿಂಕ್ ತಂಡದ ಮೊದಲ ಆಲ್ಬಂ 1997ರಲ್ಲಿ ಜರ್ಮನಿಯಲ್ಲಿ ಬಿಡುಗಡೆಯಾಗಿ, ಅಮೆರಿಕಕ್ಕೆ ಬರುವ ಹೊತ್ತಿಗೆ, 1998ರಲ್ಲಿ, ಹಾಡುಗಳ ಪಟ್ಟಿಯೇ ಬದಲಾಗಿತ್ತು. ಕೊರಿಯಾದ ತಂಡಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಬಿಟಿಎಸ್ ಕಾಲಿಟ್ಟದ್ದು 2013ರ ಜೂನ್‌ನಲ್ಲಿ, ಒಂದು ಸಿಂಗಲ್ ಆಲ್ಬಂ (ಚಿಕ್ಕ ಆಲ್ಬಂ) ಮೂಲಕ. ಪೂರ್ಣ ಪ್ರಮಾಣದ ಮೊದಲ ಸ್ಟುಡಿಯೋ ಆಲ್ಬಂ ಬಂದದ್ದು 2014ರ ಆಗಸ್ಟ್‌ನಲ್ಲಿ. ನಡುವಿನ ಮಿನಿ ಆಲ್ಬಂಗಳನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ, ಅಭಿಪ್ರಾಯ ಬರೆಸುವ ಹಾಳೆಯ ತಲೆಯಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಕೂಟದ ಅರ್ಧ ಸಮಯ ಅಭಿಮಾನಿಗಳ ತಿದ್ದುಪಡಿಯಲ್ಲೇ ಕಳೆಯುತ್ತದೆ.

ಡಿಲಕ್ಸ್ ಆವೃತ್ತಿ ಬೇಡ. ಕೊನೆಗೆ ಸೇರಿಸಿದ ರೀಮಿಕ್ಸ್, ಲೈವ್ ಹಾಡುಗಳು ಸಮಯ ತಿನ್ನುತ್ತವೆ, ಆಲ್ಬಂ ಉದ್ದವಾಯಿತು ಎಂಬ ದೂರನ್ನೂ ಸುಮ್ಮನೆ ಹುಟ್ಟಿಸುತ್ತವೆ. 10ರಿಂದ 13 ಹಾಡು, 35ರಿಂದ 45 ನಿಮಿಷ ಇರುವ ಸಾಮಾನ್ಯ ಆವೃತ್ತಿ ಸಾಕು.

ಯಾರನ್ನು ಕರೆಯಬೇಕು

8ರಿಂದ 12 ಜನ. ಹೆಚ್ಚಾದರೆ ಮಾತಿನ ಸುತ್ತು ಮುಗಿಯುವುದಿಲ್ಲ, ಕಡಿಮೆಯಾದರೆ ಒಬ್ಬರ ರುಚಿಯೇ ಫಲಿತಾಂಶವಾಗುತ್ತದೆ. ಎಲ್ಲರೂ ಅಭಿಮಾನಿಗಳಾದರೆ ಅದು ಭಜನೆ. ಹತ್ತು ಜನರಿದ್ದರೆ ತಂಡವನ್ನು ಮೊದಲೇ ಬಲ್ಲವರು ಮೂವರು, ಹೆಸರೂ ಕೇಳದವರು ನಾಲ್ವರು, ಹಾಡುವ ಅಥವಾ ನುಡಿಸುವ ಅಭ್ಯಾಸ ಇರುವವರು ಇಬ್ಬರು, ನಲವತ್ತು ದಾಟಿದವರು ಒಬ್ಬರಾದರೂ ಇರಲಿ. ಮೂರನೇ ಬಗೆಯವರಿಗೆ ಮೈಸೂರಿನಲ್ಲಿ ಬರವಿಲ್ಲ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಇರುವುದೇ ಇಲ್ಲಿ, ಜೂನಿಯರ್ ಸೀನಿಯರ್ ಪರೀಕ್ಷೆ ಕಟ್ಟಿದವರು ಬೀದಿಗೊಬ್ಬರು ಸಿಗುತ್ತಾರೆ. ಮಂಡ್ಯದಿಂದ ಬರುವವರಿದ್ದರೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇಟ್ಟುಕೊಳ್ಳಿ, ಊಟದ ಹೊತ್ತಿಗೆ ಮುಗಿಯುತ್ತದೆ. ಸಂಜೆಯಾದರೆ ಸೊಳ್ಳೆ, ಕಿಟಕಿ ಮುಚ್ಚಿದರೆ ಸೆಕೆ, ಫ್ಯಾನ್ ಹಾಕಿದರೆ ಸದ್ದು.

ಸಂಗೀತ ಕಲಿತವರಿಗೆ ಒಂದು ಮಾತು ಮೊದಲೇ ಹೇಳಬೇಕು. ಗಮಕ ಇಲ್ಲ, ರಾಗ ಬೆಳೆಯುವುದಿಲ್ಲ, ಸಪ್ಪೆ ಅಂತ ಅವರು ಬರೆಯುವುದು ಖಚಿತ. ಅದು ಸುಳ್ಳಲ್ಲ, ಆದರೆ ಇಂಗ್ಲಿಷ್ ಪಾಪ್ ಹಾಡುಗಳಲ್ಲಿ ಹೆಚ್ಚಿನವಕ್ಕೆ ಅನ್ವಯಿಸುತ್ತದೆ, ಈ ಆಲ್ಬಂ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವರ ಕಿವಿ ಉಪಯೋಗಕ್ಕೆ ಬರುವುದು ಬೇರೆ ಕಡೆ: ಐದು ದನಿ ಒಟ್ಟಿಗೆ ಬಂದಾಗ ಶ್ರುತಿ ಕೂಡುತ್ತದೆಯೇ, ಜಾರುವ ಜಾಗದಲ್ಲಿ ದನಿ ಜಾರುತ್ತದೆಯೋ ಮೆಟ್ಟಿಲು ಹತ್ತಿದಂತೆ ತಟಕ್ ತಟಕ್ ಎಂದು ಹಾರುತ್ತದೆಯೋ (ಶ್ರುತಿ ತಿದ್ದುವ ತಂತ್ರಾಂಶ ಆಟೋಟ್ಯೂನ್ ಬಿಗಿಯಾಗಿ ಹಾಕಿದರೆ ಹೀಗಾಗುತ್ತದೆ), ಕೊನೆಯ ಪಲ್ಲವಿಯಲ್ಲಿ ಶ್ರುತಿ ಏರಿಸಿದಾಗ ಯಾರ ಗಂಟಲು ಬಿಗಿಯುತ್ತದೆ. ಅವರಿಗೆ ಈ ಮೂರು ಪ್ರಶ್ನೆ ಬೇರೆ ಚೀಟಿಯಲ್ಲಿ ಕೊಡಿ. ಪಾಶ್ಚಾತ್ಯ ಸಂಗೀತವನ್ನು ಕಿವಿಗೊಟ್ಟು ಕೇಳುವುದು ಈ ಊರಿಗೆ ಹೊಸದೇನಲ್ಲ. ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ಹಣ ಕೊಟ್ಟವರು ಜಯಚಾಮರಾಜ ಒಡೆಯರ್.

ಕೋಣೆ, ಸ್ಪೀಕರ್, ಕರೆಂಟು

ಅಭಿಪ್ರಾಯ ಕೆಡುವುದು ಹೆಚ್ಚಾಗಿ ಇಲ್ಲೇ. ಸರಸ್ವತಿಪುರಂ, ಕುವೆಂಪುನಗರದ ಮನೆಗಳ ಹಾಲ್‌ನಲ್ಲಿ ಮೊಸಾಯಿಕ್ ಅಥವಾ ಟೈಲ್ಸ್ ನೆಲ, ಬರಿಗೋಡೆ. ತಾಳದ ಚಪ್ಪಾಳೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಸಾಹಿತ್ಯ ಕಲಸಿಹೋಗುತ್ತದೆ. ಆಮೇಲೆ "ಏನ್ ಹಾಡ್ತಾರೋ ತಿಳಿಯಲ್ಲ" ಎಂದು ನಾಲ್ಕು ಜನ ಬರೆದರೆ ಆ ದೂರು ಹಾಡಿನದಲ್ಲ, ನೆಲದ್ದು. ಜಮಖಾನ ಹಾಸಿ, ಪರದೆ ಎಳೆಯಿರಿ, ಸ್ಪೀಕರಿನ ಎದುರು ಗೋಡೆಯ ಬಳಿ ಒಂದು ಹಾಸಿಗೆ ನಿಲ್ಲಿಸಿ. ಕೋಣೆಯ ಮಧ್ಯೆ ಒಂದು ಚಪ್ಪಾಳೆ ತಟ್ಟಿ ನೋಡಿ. ಟಪ್ ಎಂದು ನಿಂತರೆ ಸರಿ, ಟ್ರ್‌ರ್ ಎಂದು ಎಳೆದರೆ ಇನ್ನೊಂದು ಜಮಖಾನ ಬೇಕು.

ಸ್ಪೀಕರ್ ಎರಡು ಬೇಕು. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಬಾಯ್ ಬ್ಯಾಂಡಿಗೆ ಅನ್ಯಾಯ ಮಾಡುತ್ತದೆ. ಇಂಥ ಹಾಡುಗಳಲ್ಲಿ ಮುಖ್ಯ ದನಿ ನಡುವೆ, ಅದೇ ಸಾಲನ್ನು ಮತ್ತೆ ಹಾಡಿದ ದನಿಗಳು ಮತ್ತು ಹಿನ್ನೆಲೆಯ ದನಿಗಳು ಎಡಕ್ಕೂ ಬಲಕ್ಕೂ ಹಂಚಿರುತ್ತವೆ. ಎರಡನ್ನೂ ಒಂದಕ್ಕೆ ಕಲಸಿದರೆ ಅಕ್ಕಪಕ್ಕದವು ಹಿಂದೆ ಸರಿಯುತ್ತವೆ, ಕೆಲವೊಮ್ಮೆ ಒಂದನ್ನೊಂದು ನುಂಗಿಹಾಕುತ್ತವೆ. ಆಗ ಐವರ ತಂಡ ಒಬ್ಬ ಹಾಡುಗಾರನ ಆಲ್ಬಂನಂತೆ ಕೇಳಿಸುತ್ತದೆ. ಎರಡು ಸ್ಪೀಕರ್‌ಗಳ ನಡುವೆ ಆರೇಳು ಅಡಿ ಅಂತರ, ಗೋಡೆಯಿಂದ ಒಂದೂವರೆ ಅಡಿ ಮುಂದೆ, ಎತ್ತರ ಕೂತವರ ಕಿವಿಯ ಮಟ್ಟಕ್ಕೆ. ಮೂಲೆಗೆ ಒತ್ತಿಟ್ಟರೆ ಬೇಸ್ ಗುಡುಗುತ್ತದೆ. ಜನ ಎರಡು ಸಾಲಲ್ಲಿ ಕೂರಲಿ. ತೀರಾ ಪಕ್ಕಕ್ಕೆ ಕೂತವರಿಗೆ ಒಂದೇ ಕಡೆಯ ಸ್ಪೀಕರ್ ಕೇಳಿಸುತ್ತದೆ, ಎರಡನೇ ಸುತ್ತಿಗೆ ಅವರನ್ನು ನಡುವೆ ಕೂರಿಸಿ.

ಲ್ಯಾಪ್‌ಟಾಪ್‌ನಿಂದ ವೈರ್ ಹಾಕಿ. ಫೋನಿನಿಂದ ಹಾಕಿದರೆ ಐದನೇ ಹಾಡಿನ ನಡುವೆ ಯಾರದೋ ಕರೆ ಬರುತ್ತದೆ. ಚಾರ್ಜರ್ ಸಿಕ್ಕಿಸಿದ ಕೂಡಲೇ ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಹಾಡುಗಳನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹಣ ಕಟ್ಟದ ಖಾತೆಯಾದರೆ ನಡುವೆ ಜಾಹೀರಾತು ನುಗ್ಗುತ್ತದೆ, ಅದರಲ್ಲಿ ಕೂಟ ನಡೆಸಲಾಗದು. ಕರೆಂಟು ಹೋಗುವ ಸಾಧ್ಯತೆ ಇದ್ದೇ ಇದೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಓಡಿಸಿದರೆ ಹಾಡಿನ ಜೊತೆ ಜೀರುಂಡೆಯೂ ಹಾಡುತ್ತದೆ. ಸೈನ್ ವೇವ್ ಇಲ್ಲದಿದ್ದರೆ ಕರೆಂಟು ಬರುವವರೆಗೆ ನಿಲ್ಲಿಸಿ, ನಿಂತ ಹಾಡನ್ನು ಮೊದಲಿಂದ ಹಾಕಿ.

ಸೆಟ್ಟಿಂಗ್‌ನಲ್ಲಿ ಈಕ್ವಲೈಜರ್, ಬೇಸ್ ಬೂಸ್ಟ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು), ಆಟೋಪ್ಲೇ ನಾಲ್ಕೂ ಆಫ್. ಹಾಡುಗಳ ಜೋರನ್ನು ಒಂದು ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಮಾತ್ರ ಆನ್ ಇರಲಿ, ಯಾಕೆಂದರೆ ಒಂದು ಹಾಡು ಇನ್ನೊಂದಕ್ಕಿಂತ ಚೂರು ಜೋರಾಗಿದ್ದರೂ ಜನರಿಗೆ ಅದೇ ಚೆನ್ನಾಗಿ ಕೇಳಿಸುತ್ತದೆ, ಜೋರಾಗಿದೆ ಎಂಬುದು ಗಮನಕ್ಕೇ ಬರುವುದಿಲ್ಲ. ಸ್ಪಾಟಿಫೈ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ಆಲ್ಬಂ ಅನ್ನು ಅದರ ಕ್ರಮದಲ್ಲೇ ಹಾಕಿದರೆ ಇಡೀ ಆಲ್ಬಂಗೆ ಒಂದೇ ಅಳತೆ, ಮೆಲುದನಿಯ ಹಾಡು ಮೆಲುವಾಗಿಯೇ ಉಳಿಯುತ್ತದೆ. ಷಫಲ್ ಮಾಡಿದರೆ, ಬೇರೆ ಆಲ್ಬಂಗಳ ಹಾಡಿನ ಜೊತೆ ಪ್ಲೇಲಿಸ್ಟಿಗೆ ಸೇರಿಸಿದರೆ ಒಂದೊಂದು ಹಾಡನ್ನೂ ಬೇರೆಬೇರೆ ಎತ್ತಿ ಇಳಿಸುತ್ತದೆ. ಮಟ್ಟವನ್ನು ಫೋನಿನ ಸೌಂಡ್ ಮೀಟರ್ ಆಪ್‌ನಲ್ಲಿ ಕೂರುವ ಜಾಗದಿಂದ ನೋಡಿ, ಪಲ್ಲವಿ ಬಂದಾಗ 75 ಡೆಸಿಬೆಲ್ ಆಸುಪಾಸು ಇದ್ದರೆ ಸಾಕು. ಆಮೇಲೆ ನಾಬ್ ಮುಟ್ಟುವ ಹಾಗಿಲ್ಲ. "ಸ್ವಲ್ಪ ಜೋರು ಮಾಡಿ ಸಾರ್" ಎಂಬ ಕೋರಿಕೆ ಮೂರನೇ ಹಾಡಿಗೆ ಬಂದೇ ಬರುತ್ತದೆ. ಮಾಡಿದರೆ ಮೊದಲ ಎರಡು ಹಾಡುಗಳಿಗೆ ಅನ್ಯಾಯ.

ಮನೆಯೊಳಗೆ, ಟಿಕೆಟ್ ಇಲ್ಲದೆ, ಗೆಳೆಯರ ನಡುವೆ ನಡೆಸಿದರೆ ಪರವಾನಗಿಯ ತಲೆನೋವಿಲ್ಲ. ಕೆಫೆಯಲ್ಲೋ ಬಾಡಿಗೆ ಹಾಲ್‌ನಲ್ಲೋ ಇಟ್ಟರೆ ಧ್ವನಿಮುದ್ರಿತ ಹಾಡು ನುಡಿಸಲು ಹಾಡಿನ ಹಕ್ಕುಗಳನ್ನು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಸಂಸ್ಥೆಗಳ ಪರವಾನಗಿ ಇದೆಯೇ ಎಂದು ಜಾಗದವರನ್ನೇ ಮೊದಲು ಕೇಳಿ.

ಹಾಳೆ

ಎ4 ಹಾಳೆ ಅಡ್ಡಲಾಗಿ, ತಲೆಗೊಂದು ಜೆರಾಕ್ಸ್. ಹಾಡಿನ ಹೆಸರು ಹಾಕಬೇಡಿ, ಸಂಖ್ಯೆ ಸಾಕು. ಹೆಸರು ನೋಡಿದ ಕೂಡಲೇ "ಓ, ಇದು ಹಿಟ್ ಆಗಿದ್ದಲ್ವಾ" ಶುರುವಾಗುತ್ತದೆ. ನಾಲ್ಕು ಕಾಲಂ. ಮೊದಲನೆಯದರಲ್ಲಿ ಮೂರು ಚೌಕ: "ನಾನಾಗೇ ಮತ್ತೆ ಹಾಕ್ತೀನಿ", "ಬಂದರೆ ಕೇಳ್ತೀನಿ", "ಹಾರಿಸ್ತೀನಿ". ಎರಡನೆಯದು, ಕಿವಿ ನಿಂತ ಜಾಗ, ನಿಮಿಷ ಮತ್ತು ಸೆಕೆಂಡಿನಲ್ಲಿ. ಮೂರನೆಯದು, ಅಲ್ಲಿ ಏನಾಯಿತು, ಒಂದೇ ಸಾಲು. ನಾಲ್ಕನೆಯದು, ಈ ಹಾಡು ಮೊದಲೇ ಕೇಳಿದ್ದೀರಾ, ಹೌದು ಅಥವಾ ಇಲ್ಲ. ಹಾಳೆಯ ಕೆಳಗೆ ಎರಡು ಪ್ರಶ್ನೆ: ಈ ಆಲ್ಬಂನಿಂದ ಎರಡು ಹಾಡು ಕಿತ್ತು ಹಾಕಬೇಕಾದರೆ ಯಾವುವು? ಒಂದೇ ಒಂದು ಉಳಿಸಬೇಕಾದರೆ?

ಹತ್ತಕ್ಕೆ ಎಷ್ಟು ಅಂಕ ಎಂದು ಮಾತ್ರ ಕೇಳಬೇಡಿ. 35 ಬಂದರೆ ಪಾಸು ಎಂಬ ಲೆಕ್ಕದಲ್ಲಿ ಬೆಳೆದವರು ನಾವು. ಹಿಡಿಸದ ಹಾಡಿಗೂ ಕರುಣೆಯಿಂದ ಆರು ಕೊಡುತ್ತೇವೆ, ಹಿಡಿಸಿದ್ದಕ್ಕೆ ಜಿಪುಣತನದಿಂದ ಎಂಟು. ಅಂಕದ ಸರಾಸರಿ ಇನ್ನೂ ಮೋಸಗಾರ. ಒಂದು ಹಾಡಿಗೆ ಐದು ಜನ 9, 9, 9, 2, 2 ಕೊಟ್ಟರು, ಇನ್ನೊಂದಕ್ಕೆ 6, 6, 6, 7, 6. ಎರಡರ ಸರಾಸರಿಯೂ 6.2. ಮೊದಲನೆಯದು ಮನೆ ಒಡೆಯುವ ಹಾಡು, ಎರಡನೆಯದು ಯಾರಿಗೂ ಬೇಡದ ಹಾಡು. ಕಿತ್ತು ಹಾಕುವ ಪ್ರಶ್ನೆಗೆ ಈ ತೊಂದರೆ ಇಲ್ಲ, ಯಾವುದನ್ನೋ ಬಿಡಲೇಬೇಕಾದಾಗ ಸೌಜನ್ಯ ಕೆಲಸಕ್ಕೆ ಬರುವುದಿಲ್ಲ.

ಮೊದಲ ಸುತ್ತು

ಫೋನುಗಳೆಲ್ಲ ಒಂದು ಬುಟ್ಟಿಗೆ. ಮುಂದೆ ಕಾಣುವಂತೆ ಒಂದೇ ಫೋನಿನಲ್ಲಿ ಸ್ಟಾಪ್‌ವಾಚ್ ನಿಲ್ಲಿಸಿ, ಪ್ರತಿ ಹಾಡಿಗೂ ಸೊನ್ನೆಯಿಂದ ಶುರು ಮಾಡಿ. ಆಲ್ಬಂನ ಮುಖಚಿತ್ರ, ಸಾಹಿತ್ಯ, ವಿಡಿಯೋ ಯಾವುದೂ ಈಗ ಬೇಡ. ಹಾಡು ಮುಗಿದಾಗ 30 ಸೆಕೆಂಡ್ ಬಿಡಿ, ಬರೆಯಲಿ. ಹತ್ತು ಹಾಡಿಗೆ ಹೆಚ್ಚೂಕಮ್ಮಿ 40 ನಿಮಿಷ. ಈ ಹೊತ್ತಿನಲ್ಲಿ ತಿಂಡಿ ಬೇಡವೇ ಬೇಡ. ಚುರುಮುರಿಯೂ ಮದ್ದೂರು ವಡೆಯೂ ಕರಕರ ಅನ್ನದೆ ಬಾಯಿಗೆ ಹೋಗುವುದಿಲ್ಲ, ತಿನ್ನುವವರಿಗೆ ಆ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ಕೆಡುವುದು ಎಲ್ಲಿ ಅಂದರೆ, ಮುಖದಲ್ಲಿ. ಅಭಿಮಾನಿಗಳು ತುಟಿಯಲ್ಲೇ ಹಾಡುತ್ತಾರೆ, ಪಕ್ಕದವರು ಅದನ್ನು ನೋಡಿ ಬರೆಯುತ್ತಾರೆ. ಹಾಡು ಬಲ್ಲವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರೆ ಅರ್ಧ ಸಮಸ್ಯೆ ತೀರಿತು.

ಏಳನೇ ಹಾಡಿನ ನಂತರ "ಎಲ್ಲಾ ಒಂದೇ ಥರ" ಎಂಬ ಬರಹ ಹೆಚ್ಚುತ್ತದೆ. ಎರಡು ಕಾರಣ. ಇಂಥ ಮೊದಲ ಆಲ್ಬಂಗಳಲ್ಲಿ ಸಿಂಗಲ್ ಆಗಿ (ಬಿಡಿಯಾಗಿ) ಬಿಟ್ಟ ಗಟ್ಟಿ ಹಾಡುಗಳನ್ನು ಮುಂದೆ ಜೋಡಿಸಿ, ಉಳಿದವನ್ನು ಹಿಂದೆ ತುಂಬುವುದು ಸಾಮಾನ್ಯ. ಜೊತೆಗೆ ಕೇಳುವವರ ಕಿವಿಯೂ ದಣಿದಿರುತ್ತದೆ. ಯಾವುದು ಎಷ್ಟು ಎಂದು ತಿಳಿಯಲು ಎರಡನೇ ಗುಂಪಿಗೆ, ಬೇರೆ ದಿನ, ಹಿಂದಿನ ಅರ್ಧವನ್ನು ಮೊದಲು ಹಾಕಿ. ಆಗಲೂ ಅದೇ ಹಾಡುಗಳು ಬಿದ್ದರೆ ತಪ್ಪು ಹಾಡಿನದು. ನಿಜಕ್ಕೂ ಒಂದೇ ಥರವೇ ಎಂದು ನೋಡಲು 15 ಸೆಕೆಂಡಿನಲ್ಲಿ ಬೀಳುವ ತಾಳ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ ಎಷ್ಟು ಎಂದು ಸಿಗುತ್ತದೆ. ಆರು ಹಾಡು ಹತ್ತಿರಹತ್ತಿರ ಒಂದೇ ಲಯದಲ್ಲಿದ್ದರೆ ದೂರಿಗೆ ಆಧಾರ ಸಿಕ್ಕಿತು. ಪಲ್ಲವಿ ಎಷ್ಟನೇ ಸೆಕೆಂಡಿಗೆ ಬರುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಕಾಫಿ, 15 ನಿಮಿಷ. ಹಾಳೆಗಳನ್ನು ಮೊದಲೇ ವಾಪಸ್ ತೆಗೆದುಕೊಂಡು ಬಿಡಿ. ಹಾಡಿನ ಮಾತು ಬಿಟ್ಟು ಬೇರೆ ಏನು ಬೇಕಾದರೂ ಆಡಲಿ. ಈ ನಡುವೆ ನೀವು ಹಾಳೆಗಳನ್ನು ಎಣಿಸಿ ನಾಲ್ಕು ಹಾಡು ಆರಿಸಬೇಕು: ಅತಿ ಹೆಚ್ಚು ಜನ ಮತ್ತೆ ಹಾಕುತ್ತೇವೆ ಎಂದದ್ದು, ಅತಿ ಹೆಚ್ಚು ಜನ ಹಾರಿಸುತ್ತೇವೆ ಎಂದದ್ದು, ಇಬ್ಭಾಗವಾದದ್ದು, ಮತ್ತು ಸಿಂಗಲ್ ಆಗಿ ಬಂದದ್ದು.

ಎರಡನೇ ಸುತ್ತು

ಈಗ ಸಾಹಿತ್ಯದ ಹಾಳೆ ಕೊಡಬಹುದು. ಕೊರಿಯನ್ ಹಾಡಾದರೆ ಕನ್ನಡದಲ್ಲಿ ನಾಲ್ಕೈದು ಸಾಲಿನ ಭಾವಾರ್ಥ ಸಾಕು. ನಾಲ್ಕೂ ಹಾಡು ಮತ್ತೊಮ್ಮೆ, ಬೇರೆ ಬಣ್ಣದ ಪೆನ್ನಿನಲ್ಲಿ ಮತ್ತೆ ಬರೆಯಲಿ. ಮೊದಲು ಹಾರಿಸುತ್ತೇನೆ ಎಂದವರು ಈಗ ಮೇಲಿನ ಚೌಕಕ್ಕೆ ಬಂದರೆ ಅದನ್ನು ಬೇರೆಯಾಗಿ ಗುರುತಿಸಿ. ಪಾಪ್ ಹಾಡು ಎರಡನೇ ಬಾರಿಗೆ ಹಿಡಿಸುವುದು ಸಹಜ. ಎರಡನೇ ಬಾರಿಗೆ ಕೆಳಗಿಳಿದದ್ದೇ ಹೆಚ್ಚು ಮಾತಾಡುತ್ತದೆ.

ಯಾರಿಗೆ ಎಷ್ಟು ಸಾಲು ಸಿಕ್ಕಿದೆ ಎಂಬ ಜಗಳ ಅಭಿಮಾನಿಗಳಲ್ಲಿ ತಪ್ಪಿದ್ದಲ್ಲ. ಬಾಯಿಮಾತು ಬೇಡ. ಒಬ್ಬರು ಸ್ಟಾಪ್‌ವಾಚ್ ಹಿಡಿದು, ಒಬ್ಬೊಬ್ಬ ಸದಸ್ಯ ಒಂಟಿಯಾಗಿ ಹಾಡಿದ ಸೆಕೆಂಡುಗಳನ್ನು ಕೂಡಿಸಲಿ, ಎಲ್ಲರೂ ಸೇರಿ ಹಾಡುವ ಪಲ್ಲವಿಯನ್ನು ಬೇರೆ ಕಾಲಂಗೆ ಹಾಕಲಿ. ದನಿ ಗುರುತಿಸಲು ಬಲ್ಲವರೇ ಬೇಕು, ಅಭಿಮಾನಿಗಳು ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. "ಇವರೇನು ತಾವೇ ಬರೆದಿದ್ದಾರಾ?" ಎಂಬ ಮೂದಲಿಕೆಗೂ ಉತ್ತರ ಕ್ರೆಡಿಟ್‌ನಲ್ಲಿದೆ, ತೆಗೆದು ತೋರಿಸಿ. 2010ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಒಬ್ಬೊಬ್ಬರಾಗಿ ಬಂದ ಐವರನ್ನು ಸೇರಿಸಿ ಕಟ್ಟಿದ ಒನ್ ಡೈರೆಕ್ಷನ್‌ಗೂ, ಸದಸ್ಯರೇ ರ‍್ಯಾಪ್ ಬರೆಯುವ ಬಿಟಿಎಸ್‌ಗೂ ಒಂದೇ ಗಾದೆ ಹೊಂದುವುದಿಲ್ಲ.

ಚಂದದ ಹುಡುಗರು, ಕುಣಿತ, ಬಟ್ಟೆಯ ಮಾತುಗಳನ್ನು ಬಿಸಾಡಬೇಡಿ. ಬಾಯ್ ಬ್ಯಾಂಡಿನಲ್ಲಿ ಅದೂ ಸರಕಿನ ಭಾಗವೇ. ಆದರೆ ವಿಡಿಯೋ ತೋರಿಸುವುದು ಎರಡನೇ ಬರಹ ಮುಗಿದ ಮೇಲೆ, ಅಭಿಪ್ರಾಯ ಬರೆಸುವುದು ಬೇರೆ ಹಾಳೆಯಲ್ಲಿ.

ಮಾತು

40 ನಿಮಿಷ ಸಾಕು. ನಡೆಸುವವರು ಅಭಿಮಾನಿ ಆಗಿರಬಾರದು, ದ್ವೇಷಿಯೂ ಆಗಿರಬಾರದು. ಶುರು ಚಿಕ್ಕವರಿಂದ, ಕೊನೆಗೆ ಮನೆಯ ಹಿರಿಯರು ಮತ್ತು ಅಭಿಮಾನಿಗಳು. ಅಣ್ಣನೋ ಮೇಷ್ಟ್ರೋ ಮೊದಲು ಮಾತಾಡಿದರೆ ಹುಡುಗರು "ಅಣ್ಣ ಹೇಳಿದ್ದೇ ಸಾರ್" ಎಂದು ಕೂತುಬಿಡುತ್ತಾರೆ. ಯಾರು ಏನೇ ಅಂದರೂ ನೀವು ಕೇಳುವುದು ಒಂದೇ: "ಯಾವ ಜಾಗದಲ್ಲಿ?" ಆ ಇಪ್ಪತ್ತು ಸೆಕೆಂಡ್ ಮತ್ತೆ ಹಾಕಿ. ವಾದದಲ್ಲಿ ಅರ್ಧ ಹೀಗೆ ತಾನಾಗೇ ಬಿದ್ದುಹೋಗುತ್ತದೆ.

ಒಂದು ಮಾದರಿ ಇಟ್ಟುಕೊಳ್ಳೋಣ. ಆರನೇ ಹಾಡಿಗೆ ಹತ್ತರಲ್ಲಿ ನಾಲ್ವರು ಮತ್ತೆ ಹಾಕುತ್ತೇವೆ ಎಂದಿದ್ದಾರೆ, ಐವರು ಹಾರಿಸುತ್ತೇವೆ, ಒಬ್ಬರು ನಡುವೆ. ಮೇಲ್ನೋಟಕ್ಕೆ "ಮಿಶ್ರ ಪ್ರತಿಕ್ರಿಯೆ". ಎರಡನೇ ಕಾಲಂ ನೋಡಿದರೆ ಹತ್ತರಲ್ಲಿ ಎಂಟು ಜನ ಬರೆದದ್ದು ಒಂದೇ ಜಾಗ, 2:38ರ ಆಸುಪಾಸು. ಅಲ್ಲಿ ವಾದ್ಯಗಳು ಒಂದು ಕ್ಷಣ ನಿಂತು, ಶ್ರುತಿ ಒಂದು ಮೆಟ್ಟಿಲು ಏರಿ, ಪಲ್ಲವಿ ಮರಳಿ ಬರುತ್ತದೆ. ಒಬ್ಬರ ಹಾಳೆಯಲ್ಲಿ "ಮೈ ಜುಂ ಅಂತು", ಇನ್ನೊಬ್ಬರದರಲ್ಲಿ "ಬತ್ತದೆ ಅಂತ ಮೊದ್ಲೇ ಗೊತ್ತಿತ್ತು, ಬಂತು". ಅಭಿಪ್ರಾಯ ಮಿಶ್ರವಲ್ಲ, ಜನ ಒಂದೇ ತಂತ್ರದ ಬಗ್ಗೆ ಎದುರುಬದುರಾಗಿದ್ದಾರೆ. ಬರೆಯಬೇಕಾದದ್ದು ಇದನ್ನು.

ಬರೆದು ಕಳಿಸುವುದು

ಹತ್ತು ಜನಕ್ಕೆ ಶೇಕಡಾ ಹಾಕುವುದು ಡೌಲು. "ಹತ್ತರಲ್ಲಿ ಏಳು" ಎಂದರೆ ಸಾಕು. ಮೊದಲೇ ಕೇಳಿದ್ದವರ ಮತವನ್ನು ಬೇರೆಯಾಗಿ ತೋರಿಸಿ, ಇಲ್ಲದಿದ್ದರೆ ಸಿಂಗಲ್ ಹಾಡೇ ಸದಾ ಗೆಲ್ಲುತ್ತದೆ. ಹೆಸರು ಬೇಡ, "ತಂಡ ಬಲ್ಲವರು", "ಹೊಸಬರು", "ಹಾಡುವವರು" ಎಂದು ಗುರುತು ಹಾಕಿ, ಯಾರದಾದರೂ ಸಾಲನ್ನು ಹಾಗೇ ಎತ್ತಿ ಬರೆಯುವುದಾದರೆ ಕೇಳಿ ಬರೆಯಿರಿ. ಮಂಡ್ಯದವರು ಬರೆದ "ಮೊದಲ್ನೇದು ಚಂದಾಗಿತ್ತು, ಆಮ್ಯಾಕೆ ಅದ್ನೇ ರುಬ್ಬವ್ರೆ" ಎಂಬುದನ್ನು "ನಂತರದ ಹಾಡುಗಳಲ್ಲಿ ಪುನರಾವರ್ತನೆಯಿದೆ" ಎಂದು ತಿದ್ದಿದರೆ ಅದರಲ್ಲಿದ್ದ ಖಾರವೇ ಹೋಯಿತು.

ಬರಹವನ್ನು ಎರಡು ವಾರ ತಡೆಹಿಡಿಯಿರಿ. ಹದಿನೈದನೇ ದಿನ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಒಂದೇ ಕೋರಿಕೆ: ಆಲ್ಬಂನಲ್ಲಿ ಈಗ ನೆನಪಿರುವ ಯಾವುದಾದರೂ ಸಾಲನ್ನು, ಮತ್ತೆ ಹಾಡು ಹಾಕಿ ನೋಡದೆ, ಹತ್ತು ಸೆಕೆಂಡ್ ಗುನುಗಿ ವಾಯ್ಸ್ ಮೆಸೇಜ್ ಕಳಿಸಿ. ಮಾತು ತಪ್ಪಿದರೂ ಸರಿ, ಧಾಟಿ ಸಾಕು. ಏನೂ ನೆನಪಿಲ್ಲ ಎಂಬುದೂ ಉತ್ತರವೇ. ಬಂದ ಗುನುಗುಗಳನ್ನು ಹಾಡಿನ ಸಂಖ್ಯೆಗೆ ಹೊಂದಿಸಿ, ಮೊದಲ ದಿನದ ಚೌಕಗಳ ಪಕ್ಕಕ್ಕೆ ಇನ್ನೊಂದು ಕಾಲಂ ಮಾಡಿ. ಹಾರಿಸುತ್ತೇವೆ ಎಂದವರೇ ಗುನುಗಿ ಕಳಿಸಿದ ಹಾಡು ಒಂದಾದರೂ ಇದ್ದರೆ, ವರದಿಯನ್ನು ಅದರಿಂದ ಶುರು ಮಾಡಿ.